ಮಗಳ ಗ್ರೋತ್ ಹಾರ್ಮೋನ್ 0.8 ಬಂದಿದೆ, ನಮ್ಮ ಕಡೆ ಯಾರಾದರೂ ಈ ದಾರಿ ನಡೆದಿದ್ದೀರಾ?

ವಾಡಿ ಜಂಕ್ಷನ್:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದವರು ಓದಿ. ನಾವು ಚಿತ್ತಾಪುರ ತಾಲ್ಲೂಕಿನವರು. ಮಗಳಿಗೆ ಏಳೂವರೆ ವರ್ಷ. ಎತ್ತರ 98 ಸೆಂಟಿಮೀಟರ್, ತೂಕ 14 ಕೆಜಿ. ಓದುವುದು ಎರಡನೇ ಕ್ಲಾಸು, ಆದರೆ ನೋಡಿದವರು ಅಂಗನವಾಡಿ ಮಗು ಅಂತಲೇ ಅಂದುಕೊಳ್ಳುತ್ತಾರೆ. ಬಸ್ಸಿನಲ್ಲಿ ಇವತ್ತಿನವರೆಗೂ ಯಾರೂ ಅವಳಿಗೆ ಟಿಕೆಟ್ ಕೇಳಿಲ್ಲ. ಮೊದಮೊದಲು ನಾವೂ ನಗುತ್ತಿದ್ದೆವು. ಧ್ವನಿಯೂ ಸಣ್ಣದು, ಗೊಂಬೆ ಮಾತಾಡಿದ ಹಾಗೆ.

ನಮ್ಮವ್ವನದು ಒಂದೇ ಮಾತು. "ನಮ್ಮ ಮನಿ ಮಂದಿನೇ ಗಿಡ್ಡ, ದೊಡ್ಡಾಕಿ ಆದ ಮ್ಯಾಲ ಒಮ್ಮೆಲೆ ಬೆಳಿತಾಳ ಬಿಡು." ಎರಡು ವರ್ಷ ಒಂದು ಕ್ಲಿನಿಕ್ಕಿಗೆ ಓಡಾಡಿದೆವು. ಕ್ಯಾಲ್ಸಿಯಂ ಸಿರಪ್, ಹಸಿವಿನ ಟಾನಿಕ್, ಜಂತಿನ ಗುಳಿಗೆ, ಮತ್ತೆ ಕ್ಯಾಲ್ಸಿಯಂ. ಅಷ್ಟು ಸಲ ಹೋದರೂ ಒಂದು ಸಲವೂ ಅವಳನ್ನು ಗೋಡೆಗೆ ನಿಲ್ಲಿಸಿ ಅಳೆಯಲಿಲ್ಲ. ತೂಕ ಮಾತ್ರ ನೋಡುತ್ತಿದ್ದರು. ಕೊನೆಗೆ ಹಿಡಿದದ್ದು ಶಾಲೆಯ ಟೀಚರ್. ಹೆಲ್ತ್ ಕಾರ್ಡ್ ತುಂಬುವಾಗ ಹೋದ ವರ್ಷದ ಅಂಕಿ ಪಕ್ಕದಲ್ಲೇ ಇತ್ತು. ಅಲ್ಲಿ 95, ಇಲ್ಲಿ 98. "ವರ್ಷಕ್ಕೆ ಮೂರೇ ಸೆಂಟಿಮೀಟರ್ ಅಂದ್ರೆ ಸರಿ ಅಲ್ಲ ಸರ್, ದೊಡ್ಡ ಡಾಕ್ಟರಿಗೆ ತೋರಿಸಿ" ಅಂದರು.

ಹೈದರಾಬಾದಿಗೆ ಹೋದೆವು. ಥೈರಾಯ್ಡ್, ಕಿಡ್ನಿ, ರಕ್ತ ಎಲ್ಲ ಸರಿ. ಎಡಗೈ ಎಕ್ಸ್‌ರೇ ತೆಗೆದು ಮೂಳೆ ವಯಸ್ಸು ನಾಲ್ಕು ವರ್ಷ ಅಂದರು. ಆಮೇಲೆ ಗ್ರೋತ್ ಹಾರ್ಮೋನ್, ಅಂದರೆ ಎತ್ತರ ಬೆಳೆಸುವ ಹಾರ್ಮೋನ್, ಎಷ್ಟು ಬರುತ್ತದೆ ಅಂತ ನೋಡುವ ಟೆಸ್ಟು. ಬೆಳಿಗ್ಗೆ ಖಾಲಿ ಹೊಟ್ಟೆ, ಕೈಗೆ ಸೂಜಿ ಕೂರಿಸಿ ಒಂದು ಗುಳಿಗೆ ಕೊಟ್ಟರು. ಅರ್ಧ ಗಂಟೆಗೊಮ್ಮೆ ರಕ್ತ. ಗುಳಿಗೆಗೆ ಮಗು ನನ್ನ ತೊಡೆಯ ಮೇಲೇ ನಿದ್ದೆ ಹೋಯಿತು, ಆ ನಿದ್ದೆಯಲ್ಲೇ ಐದು ಟ್ಯೂಬ್ ತೆಗೆದರು. ಎರಡನೇ ದಿನ ಇನ್ನೊಂದು, ಗ್ಲುಕಗಾನ್ ಇಂಜೆಕ್ಷನ್, ಅದಕ್ಕೆ ವಾಂತಿ. ಎರಡರಲ್ಲೂ 0.8 ದಾಟಲಿಲ್ಲ. ಐಜಿಎಫ್ ಒನ್ ಅನ್ನೋದು, ಗ್ರೋತ್ ಹಾರ್ಮೋನ್ ಹೇಳಿದಂತೆ ಮೈಯಲ್ಲಿ ಆಗುವ ಇನ್ನೊಂದು ಹಾರ್ಮೋನ್, ಅದೂ ತಳದಲ್ಲಿದೆ.

ಡಾಕ್ಟರ್ ಕೊನೆಗೆ "ನೆಂಟಸ್ತಿಕೆಯಲ್ಲಿ ಮದುವೆನಾ?" ಅಂದರು. ಹೌದು, ನನ್ನ ಹೆಂಡತಿ ಸ್ವಂತ ಅಕ್ಕನ ಮಗಳು. ಅವರು ಹಾಳೆಯ ಮೇಲೆ ಗಂಡಸಿಗೆ ಚೌಕ, ಹೆಂಗಸಿಗೆ ಗೋಲ ಬರೆದು ನಮ್ಮ ವಂಶ ಇಳಿಸಿದರು. ಎಲ್ಲ ಗಂಡ ಹೆಂಡತಿ ನಡುವೆ ಒಂದು ಗೆರೆ, ನಮ್ಮಿಬ್ಬರ ನಡುವೆ ಮಾತ್ರ ಎರಡು ಗೆರೆ. ಆ ಎರಡು ಗೆರೆ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಜೀನ್ ಟೆಸ್ಟಿಗೆ ರಕ್ತ ಕೊಟ್ಟಿದ್ದೇವೆ. ಇನ್ನು ದಿನಾ ರಾತ್ರಿ ಅದೇ ಹಾರ್ಮೋನಿನ ಇಂಜೆಕ್ಷನ್ ಹಾಕಬೇಕಂತೆ, ವರ್ಷಗಟ್ಟಲೆ. ಫ್ರಿಜ್‌ನಲ್ಲೇ ಇಡಬೇಕಂತೆ, ನಮ್ಮೂರಿನ ಬಿಸಿಲು ನಿಮಗೆ ಗೊತ್ತು. ಯಾರಾದರೂ ಹಾಕಿಸಿದ್ದೀರಾ? ಧೈರ್ಯ ಹೇಳಬೇಡಿ, ಇದ್ದದ್ದು ಹೇಳಿ.

ಹುಮನಾಬಾದ್ ಅಕ್ಕ:
ತಮ್ಮಾ, ನನ್ನ ಮಗನಿಗೆ ನಾಲ್ಕು ವರ್ಷದಿಂದ ಹಾಕುತ್ತಿದ್ದೇನೆ. ಈಗ ಅವನಿಗೆ 12. ಮೊದಲ ವರ್ಷ 10 ಸೆಂಟಿಮೀಟರ್ ಬೆಳೆದ, ಆಮೇಲೆ ವರ್ಷಕ್ಕೆ ಏಳು, ಆರು ಹೀಗೆ. ಮೊದಲ ವರ್ಷದ ಓಟ ಕೊನೆಯವರೆಗೆ ಇರುವುದಿಲ್ಲ, ಅದನ್ನು ಈಗಲೇ ತಿಳಿದುಕೋ, ಇಲ್ಲದಿದ್ದರೆ ಎರಡನೇ ವರ್ಷ ಔಷಧಿ ಕೆಲಸ ಮಾಡುತ್ತಿಲ್ಲ ಅಂತ ಗಾಬರಿ ಆಗುತ್ತದೆ.

ಸೂಜಿ ಪೆನ್ನಿನ ಹಾಗಿದೆ, ಕೂದಲೆಳೆಯಷ್ಟು. ತೊಡೆ, ಹೊಟ್ಟೆ, ಕುಂಡೆ, ದಿನಾ ಜಾಗ ಬದಲಿಸಬೇಕು. ಒಂದೇ ಕಡೆ ಚುಚ್ಚಿದರೆ ಅಲ್ಲಿ ಗುಳಿ ಬೀಳುತ್ತದೆ, ನನ್ನ ಮಗನಿಗೆ ಎಡ ತೊಡೆಯಲ್ಲಿ ಬಿದ್ದಿದೆ, ನನ್ನದೇ ತಪ್ಪು. ರಾತ್ರಿ ಯಾಕೆ ಅಂದರೆ ನಮ್ಮ ದೇಹ ತಾನಾಗಿ ಬಿಡುವುದೂ ನಿದ್ದೆಯಲ್ಲೇ ಜಾಸ್ತಿ.

ಖರ್ಚಿನ ಬಗ್ಗೆ ಒಂದು ಮಾತು. ಡೋಸ್ ತೂಕದ ಲೆಕ್ಕ. 14 ಕೆಜಿಗೆ ಈಗ ಆಗುವ ಬಿಲ್ಲು 28 ಕೆಜಿ ಆದಾಗ ಎರಡು ಪಟ್ಟು. ಹಾಗಾಗಿ ಬೇಗ ಶುರು ಮಾಡಿದಷ್ಟೂ ಒಳ್ಳೆಯದು, ಎತ್ತರಕ್ಕೂ ಜೇಬಿಗೂ. ತೊಗರಿ ಮಾರಿದ ದುಡ್ಡು ಎಲ್ಲಿ ಹೋಯಿತು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಮಲಗಿದ ಬುದ್ಧ, ಶಹಾಪುರ:
ಮೆಸ್ಸಿಗೂ ಇದೇ ಇತ್ತು ಅಲ್ವಾ? ಇಂಜೆಕ್ಷನ್ ಖರ್ಚು ಬಾರ್ಸಿಲೋನಾ ಕ್ಲಬ್ ಕೊಟ್ಟಿತ್ತು.

ಹುಮನಾಬಾದ್ ಅಕ್ಕ:
ಹೌದಪ್ಪ ಇತ್ತು. ನಮ್ಮ ಮಕ್ಕಳಿಗೆ ಯಾವ ಕ್ಲಬ್ ಕೊಡುತ್ತದೆ ಹೇಳು.

ಎಂಡೋ ಓದುವವ:
ನಾನು ಕಲಬುರಗಿಯವನೇ, ಈಗ ಹೊರಗೆ ಎಂಡೋಕ್ರಿನಾಲಜಿ, ಅಂದರೆ ಹಾರ್ಮೋನ್ ಕಾಯಿಲೆಗಳ ವಿಷಯದಲ್ಲೇ ತರಬೇತಿಯಲ್ಲಿದ್ದೇನೆ. ನಿಮ್ಮ ಡಾಕ್ಟರ್ ಹೇಳಿದ್ದೇ ಅಂತಿಮ, ನಾನು ಹಿನ್ನೆಲೆ ಮಾತ್ರ ಹೇಳುತ್ತೇನೆ.

ಗ್ರೋತ್ ಹಾರ್ಮೋನ್ ಬರುವುದು ಪಿಟ್ಯುಟರಿಯಿಂದ. ಅದು ಕಡಲೆ ಕಾಳಷ್ಟು ಗ್ರಂಥಿ, ತೂಕ ಅರ್ಧ ಗ್ರಾಂ. ಮೂಗಿನ ಬುಡದ ಹಿಂದೆ, ಮೆದುಳಿನ ಕೆಳಗೆ, ಮೂಳೆಯ ಒಂದು ಗುಂಡಿಯಲ್ಲಿ ಕೂತಿರುತ್ತದೆ. ಆ ಗುಂಡಿಯ ಆಕಾರ ಕುದುರೆ ಜೀನಿನ ಹಾಗಿರುವುದಕ್ಕೆ ಹಳಬರು ಟರ್ಕಿ ಜೀನು ಅಂತಲೇ ಹೆಸರಿಟ್ಟರು. ನೀವು ರಕ್ತ ಕೊಟ್ಟ ಜೀನ್ ಬೇರೆ, ಈ ಜೀನು ಬೇರೆ. ಥೈರಾಯ್ಡ್, ಕಿಡ್ನಿಯ ಮೇಲಿರುವ ಅಡ್ರಿನಲ್, ಅಂಡಾಶಯ ಎಲ್ಲಕ್ಕೂ ಇಲ್ಲಿಂದಲೇ ಹುಕುಂ ಹೋಗುವುದು.

ಆ 0.8 ಬಗ್ಗೆ. ಗ್ರೋತ್ ಹಾರ್ಮೋನ್ ಒಂದೇ ಸಮ ಹರಿಯುವುದಿಲ್ಲ. ಬೇಸಿಗೆಯ ನಲ್ಲಿ ನೀರಿನ ಹಾಗೆ ಬಿಟ್ಟು ಬಿಟ್ಟು ಬರುತ್ತದೆ, ಅದೂ ಹೆಚ್ಚಾಗಿ ಮಧ್ಯರಾತ್ರಿ. ಮಧ್ಯಾಹ್ನ ಸುಮ್ನೆ ರಕ್ತ ತೆಗೆದರೆ ಚೆನ್ನಾಗಿ ಬೆಳೆಯುವ ಮಗುವಿನಲ್ಲೂ ಸೊನ್ನೆಯ ಹತ್ತಿರ ಬರಬಹುದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಕೆಲವು ಕಡೆ ಪ್ಯಾಕೇಜಿನಲ್ಲಿ ಒಂದೇ ಒಂದು ಗ್ರೋತ್ ಹಾರ್ಮೋನ್ ಟೆಸ್ಟ್ ಸೇರಿಸಿ ಮಾರುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ಗ್ರಂಥಿಯನ್ನು ಕೆಣಕಿ ನೋಡುವುದು. ನಿಮ್ಮ ಮಗಳನ್ನು ನಿದ್ದೆ ಮಾಡಿಸಿದ ಗುಳಿಗೆ ಕ್ಲೊನಿಡಿನ್ ಇರಬೇಕು, ಅದು ಬಿಪಿ ಔಷಧಿ, ಜೊತೆಗೆ ಗ್ರೋತ್ ಹಾರ್ಮೋನನ್ನೂ ಎಬ್ಬಿಸುತ್ತದೆ. ಎದ್ದಾಗ 10 ದಾಟಬೇಕು ಅನ್ನುವುದು ಹಳೆಯ ಲೆಕ್ಕ, ಈಗ 7 ಸಾಕು ಅನ್ನುವವರೂ ಇದ್ದಾರೆ. 6, 7 ಬಂದಿದ್ದರೆ ವಾದಕ್ಕೆ ಜಾಗ ಇತ್ತು. ಎರಡೂ ದಿನ 0.8 ದಾಟದಿದ್ದರೆ ವಾದಕ್ಕೆ ಏನೂ ಉಳಿದಿಲ್ಲ.

ಎಂಆರ್‌ಐ ಆಯಿತಾ?

ವಾಡಿ ಜಂಕ್ಷನ್:
ಆಯಿತು ಸರ್. ಗೆಡ್ಡೆ ಏನಿಲ್ಲ. ಪಿಟ್ಯುಟರಿ ಚಿಕ್ಕದಿದೆ ಅಂತ ಬರೆದಿದ್ದಾರೆ. ಬಾಕಿ ಹಾರ್ಮೋನ್ ಎಲ್ಲ ಸರಿ. ಜೀನ್ ಹೆಸರು ಜಿಎಚ್‌ಆರ್‌ಎಚ್ ರಿಸೆಪ್ಟರ್ ಇರಬಹುದು ಅಂತ ಡಾಕ್ಟರ್ ಬಾಯಿಮಾತಲ್ಲಿ ಅಂದರು.

ಎಂಡೋ ಓದುವವ:
ನನಗೂ ಅದೇ ಅನುಮಾನ ಇತ್ತು. ನೆಂಟರ ಮದುವೆ, ಚಿಕ್ಕ ಪಿಟ್ಯುಟರಿ, ಸಣ್ಣ ಧ್ವನಿ. ಇದರ ಕಥೆ ಹೇಳಲೇಬೇಕು, ನನ್ನನ್ನು ಈ ವಿಷಯಕ್ಕೆ ಎಳೆದದ್ದೇ ಇದು.

ಗ್ರೋತ್ ಹಾರ್ಮೋನ್ ಬಿಡು ಅಂತ ಪಿಟ್ಯುಟರಿಗೆ ಹೇಳುವುದು ಮೇಲಿರುವ ಹೈಪೋಥಲಾಮಸ್ ಅನ್ನುವ ಮೆದುಳಿನ ಭಾಗ. ಆ ಹೇಳಿಕೆಯೂ ಒಂದು ಹಾರ್ಮೋನ್, ಜಿಎಚ್‌ಆರ್‌ಎಚ್. ತಮಾಷೆ ಅಂದರೆ 1982ರಲ್ಲಿ ಅದು ಮೊದಲು ಸಿಕ್ಕಿದ್ದು ಮೆದುಳಿನಲ್ಲಲ್ಲ, ಮೇದೋಜೀರಕ ಗ್ರಂಥಿಯ ಗೆಡ್ಡೆಯಲ್ಲಿ. ಆ ಗೆಡ್ಡೆ ಇದ್ದವರ ಕೈಕಾಲು ದಪ್ಪಗಾಗುತ್ತಿತ್ತು. ಈಗ ಅದನ್ನು ಕೇಳಿಸಿಕೊಳ್ಳಲು ಪಿಟ್ಯುಟರಿಯ ಕಡೆ ಒಂದು ರಿಸೆಪ್ಟರ್ ಬೇಕಲ್ಲ, ಅದು ಕೆಟ್ಟರೆ? ಮನೆಯ ಕಾಲಿಂಗ್ ಬೆಲ್ ಕೆಟ್ಟ ಹಾಗೆ. ಹೊರಗಿನವರು ಒತ್ತುತ್ತಲೇ ಇರುತ್ತಾರೆ, ಒಳಗೆ ಯಾರಿಗೂ ಕೇಳಿಸುವುದಿಲ್ಲ. ಲ್ಯಾಬಿನಲ್ಲಿ "ಲಿಟಲ್" ಅಂತಲೇ ಕರೆಯುವ ಒಂದು ಗಿಡ್ಡ ಇಲಿ ತಳಿಯಲ್ಲಿ ಈ ದೋಷ ಮೊದಲು ಗೊತ್ತಾಯಿತು. ಮನುಷ್ಯರಲ್ಲಿ 1996ರಲ್ಲಿ ಸಿಕ್ಕಿತು. ಎಲ್ಲಿಯವರು ಗೊತ್ತಾ? ಭಾರತದ್ದೇ ಒಂದು ಕುಟುಂಬ, ನೆಂಟರೊಳಗೆ ಮದುವೆಯಾಗುವ ಮನೆ.

ಅದಾಗಿ ಎರಡು ವರ್ಷಕ್ಕೆ ಸಂಶೋಧಕರಾದ ಹೀರಾಲಾಲ್ ಮಹೇಶ್ವರಿ ಮತ್ತು ಗೆರ್ಹಾರ್ಡ್ ಬೌಮನ್ ಪಾಕಿಸ್ತಾನದ ಸಿಂಧ್‌ನಲ್ಲಿ ಒಂದೇ ವಂಶದ 18 ಗಿಡ್ಡ ಜನರ ಬಗ್ಗೆ ಬರೆದರು. ಗಂಡಸರ ಎತ್ತರ ಸುಮಾರು 130 ಸೆಂಟಿಮೀಟರ್, ಹೆಂಗಸರದು ಅದಕ್ಕಿಂತ ಕಡಿಮೆ. ಅದೇ ಜೀನ್, ಅದರ ಬರಹದಲ್ಲಿ ಭಾರತದ ಕುಟುಂಬದಲ್ಲಿದ್ದ ಅದೇ ಅಕ್ಷರದೋಷ. ಇನ್ನೊಂದು ದೊಡ್ಡ ಗುಂಪು ಬ್ರೆಜಿಲ್‌ನ ಸೆರ್ಜಿಪೆ ರಾಜ್ಯದ ಇಟಬಯಾನಿನ್ಯಾ ಅನ್ನುವ ಊರಲ್ಲಿದೆ. ಅಲ್ಲಿಯ ಎಂಡೋಕ್ರಿನಾಲಜಿಸ್ಟ್ ಮನುಯೆಲ್ ಅಗಿಯಾರ್ ಒಲಿವೇರಾ ಆ ಮಂದಿಯ ಜೊತೆಗೇ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೊಬರ್ಟೊ ಸಾಲ್ವಟೋರಿ ಜೊತೆ ಸೇರಿ 1999ರಲ್ಲಿ ಜೀನ್ ಕಂಡುಹಿಡಿದರು. ಇದೇ ರಿಸೆಪ್ಟರ್, ಆದರೆ ದೋಷ ಬೇರೆ ಜಾಗದಲ್ಲಿ. ಒಂದೇ ವಂಶದಲ್ಲಿ ನೂರಕ್ಕೂ ಹೆಚ್ಚು ಮಂದಿ.

ಈ ಕೆಲಸ ನನಗೆ ಯಾಕೆ ಇಷ್ಟ ಅಂದರೆ ಅವರು ಜೀನ್ ಸಿಕ್ಕಿತು ಅಂತ ಗಂಟು ಕಟ್ಟಿ ಎದ್ದು ಹೋಗಲಿಲ್ಲ. ಜೀವನಪೂರ್ತಿ ಈ ಹಾರ್ಮೋನ್ ಇಲ್ಲದೆ ಬದುಕಿದರೆ ಏನಾಗುತ್ತದೆ ಅಂತ ಒಂದೊಂದೇ ನೋಡಿದರು. ಹೊಟ್ಟೆಯ ಬೊಜ್ಜು ಜಾಸ್ತಿ, ಕೊಲೆಸ್ಟ್ರಾಲ್ ಜಾಸ್ತಿ, ಆದರೂ ರಕ್ತನಾಳ ಅವಧಿಗೆ ಮೊದಲೇ ಕಟ್ಟಿಕೊಂಡಿರಲಿಲ್ಲ. ದೊಡ್ಡವರಾದ ಮೇಲೆ ಎಲ್ಲರಂತೆ ಪೂರ್ತಿ ಆಯುಸ್ಸು. ಹೊಲ, ಮನೆ, ಮಕ್ಕಳು ಎಲ್ಲ ಇದೆ.

ಸೇಡಂ ಬಂಡೆ:
ಹಾಗಾದರೆ ಇಂಜೆಕ್ಷನ್ ಯಾಕೆ ಬೇಕು? ಆರೋಗ್ಯವಾಗಿದ್ದಾರಲ್ಲ. ಗಿಡ್ಡ ಇರುವುದು ರೋಗವಾ? ಲಕ್ಷಗಟ್ಟಲೆ ಸುರಿದು ಮಗುವನ್ನು ದಿನಾ ಚುಚ್ಚಬೇಕಾ?

ವಾಡಿ ಜಂಕ್ಷನ್:
ಅಣ್ಣಾರೇ, ಈ ಪ್ರಶ್ನೆ ನಾನೂ ಹತ್ತು ಸಲ ಕೇಳಿಕೊಂಡಿದ್ದೇನೆ. ಒಂದೆರಡು ದಿನದ ವಿಷಯ ಹೇಳುತ್ತೇನೆ, ನೀವೇ ನೋಡಿ. ಶಾಲೆಯ ನಲ್ಲಿ ಅವಳಿಗೆ ಎಟಕುವುದಿಲ್ಲ. ಗೆಳತಿ ಬಾಟಲಿ ತುಂಬಿಸಿ ಕೊಡಬೇಕು, ಗೆಳತಿ ಜೊತೆ ಜಗಳ ಆದ ದಿನ ನೀರು ಕುಡಿಯದೆ ಬರುತ್ತಾಳೆ. ಬಸ್ಸಿನ ಮೊದಲ ಮೆಟ್ಟಿಲಿಗೆ ಮೊಣಕಾಲು ಊರಿ ಹತ್ತುತ್ತಾಳೆ. ಮೊನ್ನೆ ಕ್ಲಾಸಿನ ಹುಡುಗಿಯೊಬ್ಬಳು ಅವಳನ್ನು ಪ್ರೀತಿಯಿಂದಲೇ ಕಂಕುಳಲ್ಲಿ ಎತ್ತಿಕೊಂಡು ಮೈದಾನ ಸುತ್ತಿಸಿದಳು. ಮನೆಗೆ ಬಂದು ಒಂದೇ ಮಾತು, "ನಾ ಕೂಸಲ್ಲಪ್ಪ." ಬ್ರೆಜಿಲ್‌ನಲ್ಲಿ ಒಂದೂರಲ್ಲಿ ನೂರು ಮಂದಿ ಹಾಗಿದ್ದಾರೆ, ಇಲ್ಲಿ ಇವಳೊಬ್ಬಳೇ.

ಸೇಡಂ ಬಂಡೆ:
ಸರಿ. ನಾನು ಕೇಳಿದ್ದು ತಪ್ಪಾಯಿತು.

ಎಂಡೋ ಓದುವವ:
ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆಯೇ. ಹಾರ್ಮೋನ್ ಸರಿ ಇದ್ದು, ಅಪ್ಪ ಅಮ್ಮನ ಹಾಗೇ ಗಿಡ್ಡ ಇರುವ ಮಗುವಿಗೆ ಈ ಇಂಜೆಕ್ಷನ್ ಕೇಳಿಕೊಂಡು ಬರುವವರಿಗೆ ನಾನೂ ಇದನ್ನೇ ಹೇಳುತ್ತೇನೆ. ಇಲ್ಲಿ ಇಲ್ಲದ ಹಾರ್ಮೋನನ್ನು ತುಂಬಿಸುತ್ತಿರುವುದು, ಲೆಕ್ಕ ಬೇರೆ.

ನಿವೃತ್ತ ಕಂಪೌಂಡರ್:
ನನಗೆ 71. ಇದನ್ನು ಹೆಣದ ತಲೆಯಿಂದ ತೆಗೆಯುತ್ತಾರೆ ಅಂತ ನಮ್ಮ ಕಾಲದಲ್ಲಿ ಕೇಳಿದ್ದೆ. ಅದರಿಂದ ಮೆದುಳಿನ ರೋಗ ಬಂದು ಮಕ್ಕಳು ಸತ್ತರು ಅಂತಲೂ ಪೇಪರಿನಲ್ಲಿ ಬಂದಿತ್ತು. ಎಚ್ಚರ ಇರಲಿ ಮಕ್ಕಳೇ.

ಎಂಡೋ ಓದುವವ:
ಕಾಕಾ, ನೀವು ಕೇಳಿದ್ದು ನಿಜ, ಆದರೆ ಹಳೆಯದು. 1958ರಲ್ಲಿ ಅಮೆರಿಕದ ಮಾರಿಸ್ ರಾಬೆನ್ ಮೊದಲ ಬಾರಿಗೆ ಮನುಷ್ಯರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನ್ ಕೊಟ್ಟು ಒಬ್ಬ ಹುಡುಗನನ್ನು ಬೆಳೆಸಿದ್ದನ್ನು ಬರೆದರು. ದನ, ಹಂದಿಯಂಥ ಪ್ರಾಣಿಗಳದ್ದು ನಮಗೆ ಕೆಲಸ ಮಾಡುವುದಿಲ್ಲ, ಅದಕ್ಕೇ ಸತ್ತವರದ್ದು ಬೇಕಾಯಿತು. ಒಂದೊಂದು ಗ್ರಂಥಿಯಲ್ಲಿ ಸಿಗುವುದು ಚೂರು, ಹಾಗಾಗಿ ಸಾವಿರಾರು ಗ್ರಂಥಿ ಒಟ್ಟಿಗೆ ಅರೆದು ತೆಗೆಯುತ್ತಿದ್ದರು. ಅಲ್ಲೇ ಎಡವಟ್ಟಾಯಿತು. ಒಂದರಲ್ಲಿ ರೋಗ ಇದ್ದರೂ ಪೂರ್ತಿ ಕೊಪ್ಪರಿಗೆ ಕೆಟ್ಟ ಹಾಗೆ. ಕ್ರಾಯ್ಟ್ಸ್‌ಫೆಲ್ಟ್ ಯಾಕೋಬ್ ಅನ್ನುವ ಮೆದುಳು ತಿನ್ನುವ ರೋಗ, ಚುಚ್ಚಿ ಎಷ್ಟೋ ವರ್ಷದ ಮೇಲೆ ಕಾಣಿಸಿಕೊಳ್ಳುತ್ತಿತ್ತು. 1985ರಲ್ಲಿ ಅಮೆರಿಕದಲ್ಲಿ ಅದನ್ನು ನಿಲ್ಲಿಸಿದರು. ಅದೇ ವರ್ಷ ಬ್ಯಾಕ್ಟೀರಿಯಾದಲ್ಲಿ ಮಾಡಿದ ಹಾರ್ಮೋನಿಗೆ ಅನುಮತಿ ಸಿಕ್ಕಿತು. ಈಗ ಸಿಗುವುದೆಲ್ಲ ಲ್ಯಾಬಿನದ್ದೇ, ಹೆಣದ ಮಾತೇ ಇಲ್ಲ.

ನಿವೃತ್ತ ಕಂಪೌಂಡರ್:
ಸರಿ ಬಿಡಪ್ಪ. ನಾನು 1985ರಲ್ಲೇ ನಿಂತುಬಿಟ್ಟಿದ್ದೆ.

ಜಿಮ್ ಹುಡುಗ:
ನಮ್ಮ ಜಿಮ್ಮಲ್ಲಿ ಒಬ್ಬರು ಇದೇ ಇಂಜೆಕ್ಷನ್ ಹಾಕಿದರೆ ಕಟ್ಸ್ ಬರುತ್ತೆ, ಅಂದ್ರೆ ಮಾಂಸಖಂಡ ಎದ್ದು ಕಾಣುತ್ತೆ ಅಂತ ಕೊಡುತ್ತಾರೆ. ನನಗೆ 23, ಎತ್ತರನೂ ಒಂದೆರಡು ಇಂಚು ಏರುತ್ತಾ?

ಎಂಡೋ ಓದುವವ:
ಏರುವುದಿಲ್ಲ. ಮೂಳೆಯ ತುದಿ ಮುಚ್ಚಿಕೊಂಡ ಮೇಲೆ ಉದ್ದಕ್ಕೆ ಜಾಗ ಇಲ್ಲ, ಕೈ, ಕಾಲು, ದವಡೆ ದಪ್ಪ ಆಗಬಹುದು. ಶುಗರ್ ಏರುತ್ತದೆ, ಮೈ ಊದುತ್ತದೆ. ಆಟಗಾರರಿಗೆ ನಿಷೇಧ ಇರುವ ವಸ್ತು ಇದು. ದಪ್ಪ ಆಗುವುದು ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಇಲ್ಲಿ ಯಾರಾದರೂ ಹೇಳಬಹುದು.

ಬಿದರಿ ಮನೆ:
ನಾನು ಹೇಳುತ್ತೇನೆ. ನಮ್ಮ ಅಪ್ಪಾಜಿ ಬೀದರ್‌ನಲ್ಲಿ ಬಿದರಿ ಕೆಲಸದವರು. ಸತುವಿನ ಹೂಜಿಯ ಮೇಲೆ ಉಳಿಯಿಂದ ಗೆರೆ ಕೆತ್ತಿ, ಅದರೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. 50ರ ಆಸುಪಾಸಿನಲ್ಲಿ ತಂತಿ ಹಿಡಿಯಲು ಆಗುತ್ತಿಲ್ಲ ಅನ್ನತೊಡಗಿದರು. ಬೆರಳು ದಪ್ಪ, ರಾತ್ರಿ ಕೈ ಜೋಮು. ನಾವು ವಯಸ್ಸು ಅಂದೆವು. ಉಂಗುರ ಕತ್ತರಿಸಿ ತೆಗೆಸಬೇಕಾಯಿತು. ಚಪ್ಪಲಿ ಎಂಟರಿಂದ ಹತ್ತಕ್ಕೆ ಬಂತು, ಹಲ್ಲಿನ ನಡುವೆ ಸಂದು ಬಿತ್ತು, ಗೊರಕೆ, ಶುಗರ್, ಬಿಪಿ. ಒಂದೊಂದಕ್ಕೆ ಒಬ್ಬೊಬ್ಬ ಡಾಕ್ಟರ್. ಯಾರಿಗೂ ಒಟ್ಟು ಮನುಷ್ಯ ಕಾಣಿಸಲಿಲ್ಲ. ಕೊನೆಗೆ ಗೊತ್ತಾದದ್ದು ಹೇಗೆ ಅಂದರೆ ಬೈಕಿನಲ್ಲಿ ಎರಡು ಸಲ ಪಕ್ಕದ ಗಾಡಿಗೆ ತಾಗಿಸಿದರು, ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಕಣ್ಣಿನ ಡಾಕ್ಟರ್ ಪರೀಕ್ಷೆ ಮಾಡಿ ತಲೆ ಸ್ಕ್ಯಾನಿಗೆ ಕಳಿಸಿದರು. ಪಿಟ್ಯುಟರಿಯಲ್ಲಿ ಗೆಡ್ಡೆ, ಕಣ್ಣಿನ ನರವನ್ನು ಕೆಳಗಿಂದ ಒತ್ತುತ್ತಿತ್ತು.

75 ಗ್ರಾಂ ಗ್ಲುಕೋಸ್ ಕುಡಿಸಿ ರಕ್ತ ನೋಡಿದರು. ಸಕ್ಕರೆ ಕುಡಿದರೆ ಗ್ರೋತ್ ಹಾರ್ಮೋನ್ ಇಳಿಯಬೇಕಂತೆ, ಅಪ್ಪಾಜಿಯದು ಇಳಿಯಲಿಲ್ಲ. ಮೂಗಿನ ಒಳಗಿಂದಲೇ ಆಪರೇಷನ್, ಹೊರಗೆ ಒಂದು ಹೊಲಿಗೆ ಇಲ್ಲ. ನಾಲ್ಕೈದು ದಿನಕ್ಕೆ ಬೆರಳಿನ ಊತ ಇಳಿದು ಮುಷ್ಟಿ ಕಟ್ಟಿ ತೋರಿಸಿದರು. ದವಡೆ ಮಾತ್ರ ಹಾಗೇ ಉಳಿಯಿತು, ಬೆಳೆದ ಮೂಳೆ ಹಿಂದೆ ಹೋಗುವುದಿಲ್ಲ. ಮದುವೆ ಫೋಟೋ ಪಕ್ಕ ನಿಂತರೆ ಅಣ್ಣ ತಮ್ಮ ಅನ್ನಿಸುತ್ತದೆ. ಜಿಮ್ ತಮ್ಮಾ, ದುಡ್ಡು ಕೊಟ್ಟು ಇದನ್ನು ತಂದುಕೊಳ್ಳಬೇಡ.

ಆಳಂದ ಸೊಸೆ:
ಪಿಟ್ಯುಟರಿ ಅಂದ ಕೂಡಲೇ ನಾನೂ ನಿಂತೆ. ನಮ್ಮ ಅತ್ತೆಯದು ಬೇರೆ ಥರ. ಮೂರನೇ ಹೆರಿಗೆ ಹಳ್ಳಿಯಲ್ಲೇ ಆಗಿ ವಿಪರೀತ ರಕ್ತ ಹೋಗಿತ್ತು. ಜೀವ ಉಳಿಯಿತು. ಆದರೆ ಆ ಕೂಸಿಗೆ ಎದೆಹಾಲು ಬರಲೇ ಇಲ್ಲ, ಮುಟ್ಟೂ ಮತ್ತೆ ಬರಲಿಲ್ಲ. ದೃಷ್ಟಿ ಅಂದರು. ಎಂಥ ಬಿಸಿಲಲ್ಲೂ ಕೌದಿ ಹೊದ್ದು ಕೂರುತ್ತಿದ್ದರು, ಸುಸ್ತು, ಕಂಕುಳ ಕೂದಲೆಲ್ಲ ಉದುರಿತ್ತು. ಥೈರಾಯ್ಡ್ ಅಂತ ಟಿಎಸ್‌ಎಚ್ ಮಾಡಿಸಿದರೆ ನಾರ್ಮಲ್. ಹೀಗೆ 14 ವರ್ಷ. ಒಂದು ಸಲ ಭೇದಿ ಆಗಿ ಎಚ್ಚರ ತಪ್ಪಿದಾಗ ರಕ್ತದ ಸೋಡಿಯಂ 112, ಅಂದರೆ ಬಹಳ ಕಡಿಮೆ. ಆ ವಾರ್ಡಿನ ಒಬ್ಬ ಡಾಕ್ಟರಮ್ಮ ಬಂದು ಒಂದೇ ಪ್ರಶ್ನೆ ಕೇಳಿದರು: "ಕೊನೆ ಕೂಸಿಗೆ ಹಾಲು ಬಂದಿತ್ತಾ?" ಅಷ್ಟರಲ್ಲೇ ಅವರಿಗೆ ಗೊತ್ತಾಗಿತ್ತು.

ಎಂಡೋ ಓದುವವ:
ಶೀಹಾನ್ ಸಿಂಡ್ರೋಮ್. ಹೆರಾಲ್ಡ್ ಶೀಹಾನ್ 1937ರಲ್ಲಿ ವಿವರಿಸಿದ್ದು. ಬಸಿರಲ್ಲಿ ಪಿಟ್ಯುಟರಿ ದೊಡ್ಡದಾಗಿರುತ್ತದೆ, ರಕ್ತ ಜಾಸ್ತಿ ಬೇಕು, ಅದೇ ಹೊತ್ತಿಗೆ ರಕ್ತ ಹರಿದು ಬಿಪಿ ಬಿದ್ದರೆ ಗ್ರಂಥಿ ಸತ್ತೇಹೋಗುತ್ತದೆ. ಕಾಶ್ಮೀರದಲ್ಲಿ ಅಬ್ದುಲ್ ಹಮೀದ್ ಜರ್ಗರ್ ಮತ್ತು ಜೊತೆಗಾರರು ನೋಡಿದಾಗ ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು 3 ಜನರಲ್ಲಿ ಇದು ಸಿಕ್ಕಿತ್ತು. ಟಿಎಸ್‌ಎಚ್ ಒಂದನ್ನೇ ನೋಡಿದರೆ ಇದು ತಪ್ಪಿಹೋಗುತ್ತದೆ, ಯಾಕೆಂದರೆ ಟಿಎಸ್‌ಎಚ್ ಮಾಡಿ ಥೈರಾಯ್ಡಿಗೆ ಹುಕುಂ ಕೊಡುವ ಪಿಟ್ಯುಟರಿಯೇ ಕೆಟ್ಟಿದೆ. ಥೈರಾಯ್ಡ್ ತಾನೇ ಬಿಡುವ ಟಿ4 ಹಾರ್ಮೋನನ್ನೂ ಜೊತೆಗೆ ನೋಡಬೇಕು. ಮತ್ತೆ ಥೈರಾಯ್ಡ್ ಗುಳಿಗೆ ಮೊದಲು ಕೊಡಬಾರದು, ಸ್ಟಿರಾಯ್ಡ್ ಕೊರತೆ ತುಂಬಿದ ಮೇಲೆ ಕೊಡಬೇಕು. ಉಲ್ಟಾ ಮಾಡಿದರೆ ಜೀವಕ್ಕೇ ಕುತ್ತು.

ಇನ್ನೊಂದು ಹೇಳಿಬಿಡುತ್ತೇನೆ, ನಮ್ಮ ಹೊಲದ ಮಂದಿಗೆ ಬೇಕಾದದ್ದು. ಕೊಳಕುಮಂಡಲ ಕಚ್ಚಿ ಬದುಕಿದವರಲ್ಲೂ ಇದೇ ಥರ ಪಿಟ್ಯುಟರಿ ಸಾಯಬಹುದು. 1987ರಲ್ಲಿ ಬರ್ಮಾದಿಂದ ಬಂದ ವರದಿ ಪ್ರಸಿದ್ಧ, ಭಾರತದಲ್ಲೂ ಕಂಡಿದ್ದಾರೆ. ಹಾವು ಕಚ್ಚಿ ಕಿಡ್ನಿ ಸರಿ ಹೋಗಿ ಮನೆಗೆ ಬಂದವನು ತಿಂಗಳು, ವರ್ಷ ಕಳೆದ ಮೇಲೆ ಗಡ್ಡ ಬರದೆ, ಸುಸ್ತಾಗಿ ಮೂಲೆ ಹಿಡಿದರೆ ಸೋಮಾರಿ ಅನ್ನಬೇಡಿ.

ಆಳಂದ ಸೊಸೆ:
ಈಗ ಅತ್ತೆ ದಿನಕ್ಕೆರಡು ಸಲ ಹೈಡ್ರೊಕಾರ್ಟಿಸೋನ್ ಅನ್ನುವ ಸ್ಟಿರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಾರೆ, ಜ್ವರ ಬಂದರೆ ಡಬಲ್. ಕೌದಿ ಪೆಟ್ಟಿಗೆ ಸೇರಿದೆ. ಈಗ ನನ್ನ ಮೇಲೆ ಬೈಯಲೂ ಶಕ್ತಿ ಬಂದಿದೆ.

ಮಲಗಿದ ಬುದ್ಧ, ಶಹಾಪುರ:
ಎಲ್ಲ ಸರಿ, ಆದರೆ ಸೋದರಮಾವನ ಮದುವೆ ಮೇಲೆ ಯಾಕೆ ಹಾಕುತ್ತೀರಿ? ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಆಗಿದೆ, ಎಲ್ಲರೂ ಆರು ಅಡಿ ಇದ್ದೇವೆ.

ಎಂಡೋ ಓದುವವ:
ಇರಬಹುದು. ಒಂದೊಂದು ಜೀನಿಗೂ ಎರಡು ಪ್ರತಿ (ಕಾಪಿ) ಇರುತ್ತವೆ, ಕೆಟ್ಟ ಕಾಪಿ ನಿಮ್ಮ ವಂಶದಲ್ಲಿ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಆದರೆ ಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕರಲ್ಲಿ ಒಂದು ಪಾಲು ಜೀನ್ ಒಂದೇ ಕಡೆಯಿಂದ ಬಂದಿರುತ್ತದೆ. ಅವರ ಮಗುವಿನ ಯಾವುದೇ ಒಂದು ಜೀನ್ ತೆಗೆದುಕೊಂಡರೂ ಎರಡೂ ಪ್ರತಿ ಒಂದೇ ಮೂಲದ್ದಾಗುವ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಕೆಟ್ಟ ಪ್ರತಿ ಒಂದೇ ಇದ್ದರೆ ಇನ್ನೊಂದು ಸಂಭಾಳಿಸುತ್ತದೆ, ಎರಡೂ ಕೆಟ್ಟರೆ ಮಾತ್ರ ಕಾಯಿಲೆ.

ವಾಡಿ ಜಂಕ್ಷನ್:
ಸರ್, ಇದನ್ನೇ ಕೇಳಬೇಕಿತ್ತು. ಮನೆಯಲ್ಲಿ ಎಲ್ಲ ನನ್ನ ಹೆಂಡತಿಯ ಮೇಲೆ. ಅವಳ ಬಸಿರು ಸರಿ ಇರಲಿಲ್ಲ, ಸರಿಯಾಗಿ ಉಣ್ಣಲಿಲ್ಲ ಅಂತ. ಜಾಸ್ತಿ ಅನ್ನುವುದು ನಮ್ಮವ್ವನೇ.

ಎಂಡೋ ಓದುವವ:
ಆ ಎರಡು ಗೆರೆಯ ಹಾಳೆ ಇದೆಯಲ್ಲ, ಅದನ್ನು ನಿಮ್ಮವ್ವನ ಮುಂದೆ ಬಿಡಿಸಿ. ಜೀನ್ ರಿಪೋರ್ಟ್ ನಾವಂದುಕೊಂಡ ಹಾಗೇ ಬಂದರೆ, ಒಂದು ಕೆಟ್ಟ ಪ್ರತಿ ನಿಮ್ಮಿಂದ, ಒಂದು ನಿಮ್ಮ ಹೆಂಡತಿಯಿಂದ. ನಿಮಗೆ ಬಂದದ್ದು ನಿಮ್ಮ ಅಪ್ಪನಿಂದಲೋ ಅವ್ವನಿಂದಲೋ. ನಿಮ್ಮ ಹೆಂಡತಿಗೆ ಬಂದದ್ದೂ ಬಹುತೇಕ ಅದೇ ಅಜ್ಜ ಅಜ್ಜಿಯಿಂದ, ನಿಮ್ಮ ಅಕ್ಕನ ಮೂಲಕ. ಉಣ್ಣುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇನ್ನೊಂದು ಮಗು ಯೋಚನೆ ಇದ್ದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ, ಮೊದಲೇ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿ.

ಹುಮನಾಬಾದ್ ಅಕ್ಕ:
ನಿಮ್ಮವ್ವ ಬೈಯುತ್ತಿರುವುದು ಸ್ವಂತ ಮಗಳ ಮಗಳನ್ನೇ ಅಲ್ವಾ ತಮ್ಮಾ. ಸೊಸೆ ಆದ ಕೂಡಲೇ ಮೊಮ್ಮಗಳು ಅನ್ನುವುದು ಮರೆತುಹೋಯಿತಾ?

ವಾಡಿ ಜಂಕ್ಷನ್, ನಾಲ್ಕು ತಿಂಗಳ ನಂತರ:
ಬಹಳ ದಿನ ಆಯಿತು, ಕ್ಷಮಿಸಿ. ಜೀನ್ ರಿಪೋರ್ಟ್ ಬಂತು. ಅದೇ ರಿಸೆಪ್ಟರ್, ಎರಡೂ ಪ್ರತಿ. ಹಾಳೆ ಬಿಡಿಸಿ ಅವ್ವನಿಗೆ ತೋರಿಸಿದೆ. ಚೌಕ ಯಾರು, ಗೋಲ ಯಾರು ಅಂತ ಬೆರಳಿಟ್ಟು ಕೇಳಿದಳು. ತನ್ನ ಗೋಲದಿಂದ ಎರಡು ಕಡೆ ಗೆರೆ ಇಳಿದು ಮತ್ತೆ ಒಂದೇ ಕಡೆ ಸೇರುವುದನ್ನು ಬಹಳ ಹೊತ್ತು ನೋಡಿದಳು. ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಹೆಂಡತಿಗೆ ತಾನೇ ರೊಟ್ಟಿ ಬಡಿದು ಕೊಟ್ಟಳು. ನನ್ನ ಇನ್ನೊಬ್ಬ ಅಕ್ಕನ ಮಗನಿಗೆ ಅಣ್ಣನ ಮಗಳನ್ನು ಕೇಳುವ ಮಾತು ನಡೆದಿತ್ತು, ಅದೂ ನಿಂತಿದೆ. ಆ ಅಕ್ಕನಿಗೆ ನನ್ನ ಮೇಲೆ ಸಿಟ್ಟಿದೆ.

ಇಂಜೆಕ್ಷನ್ ಶುರುವಾಗಿ ಮೂರು ತಿಂಗಳು. ಮೊದಲ ವಾರ ನನ್ನ ಕೈ ನಡುಗುತ್ತಿತ್ತು, ಈಗ ಅವಳೇ ಪೆನ್ನಿನ ನಂಬರ್ ತಿರುಗಿಸಿ ಕೊಡುತ್ತಾಳೆ. ಇಂಜೆಕ್ಷನ್ ಶುರುವಾದ ದಿನ 99 ಇತ್ತು, ಇವತ್ತು 102.

ಎಂಡೋ ಓದುವವ:
ತುಂಬಾ ಒಳ್ಳೆಯದು. ಅಳೆದದ್ದು ಎರಡೂ ಸಲ ಒಂದೇ ಹೊತ್ತಿಗಾ? ಬೆಳಿಗ್ಗೆಗಿಂತ ಸಂಜೆಗೆ ಎತ್ತರ ಒಂದು ಸೆಂಟಿಮೀಟರ್‌ವರೆಗೂ ಕಡಿಮೆ ಇರುತ್ತದೆ.

ವಾಡಿ ಜಂಕ್ಷನ್:
ಎರಡೂ ಸಲ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಸರ್. ಬಾಗಿಲ ಚೌಕಟ್ಟಿಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆ ಮೇಲೆ ದಪ್ಪ ಪುಸ್ತಕ ಇಟ್ಟು ಪೆನ್ಸಿಲ್ ಗೆರೆ. ಮೂರು ತಿಂಗಳಿಗೊಂದೇ ಗೆರೆ ಅಂತ ಹೇಳಿದ್ದೇನೆ, ಅವಳು ಕದ್ದು ದಿನಾ ಎಳೆಯುತ್ತಾಳೆ. ಚೌಕಟ್ಟು ಹಾಳಾಗಿದೆ.

ಈಗ ಪ್ರಶ್ನೆ. ಶರಣಬಸವೇಶ್ವರ ಜಾತ್ರೆಗೆ ಮೂರು ದಿನ ಕಲಬುರಗಿಯಲ್ಲಿ ನೆಂಟರ ಮನೆಯಲ್ಲಿರಬೇಕು. ಬಸ್ಸಿನಲ್ಲಿ ಆ ಬಿಸಿಲಿಗೆ ಪೆನ್ನು ಹೇಗೆ ಒಯ್ಯಲಿ? ತಣ್ಣನೆ ಮಣ್ಣಿನ ಮಡಕೆ ಸಾಕಾಗುತ್ತದಾ?

ಹುಮನಾಬಾದ್ ಅಕ್ಕ:
ಮಡಕೆ ಸಾಕಾಗಲ್ಲ ತಮ್ಮಾ, 2ರಿಂದ 8 ಡಿಗ್ರಿ ಇರಬೇಕು, ಮಡಕೆ ಅಷ್ಟು ತಣ್ಣಗಾಗಲ್ಲ. ಅಗಲ ಬಾಯಿಯ ಥರ್ಮಾಸ್ ಅಥವಾ ಲಸಿಕೆ ಒಯ್ಯುವಂಥ ಸಣ್ಣ ಕ್ಯಾನ್ ತಗೋ. ಐಸ್ ಪ್ಯಾಕ್ ಕೆಳಗೆ, ಮೇಲೆ ದಪ್ಪ ಟವೆಲ್, ಅದರ ಮೇಲೆ ಪೆನ್ನು. ಐಸ್ ನೇರ ತಾಗಬಾರದು, ಒಮ್ಮೆ ಹೆಪ್ಪುಗಟ್ಟಿತೋ ಕರಗಿಸಿದರೂ ಕೆಲಸಕ್ಕೆ ಬರಲ್ಲ, ಬಿಸಾಡಬೇಕು. ನಾನು ಒಂದು ಸಲ ಫ್ರೀಜರ್ ಪಕ್ಕ ಇಟ್ಟು ಪೂರ್ತಿ ಕಾರ್ಟ್ರಿಜ್ ಕಳೆದಿದ್ದೇನೆ, ಆ ದಿನ ಅತ್ತೇ ಬಿಟ್ಟಿದ್ದೆ. ನೆಂಟರ ಮನೆಯಲ್ಲಿ ಫ್ರಿಜ್‌ನ ನಡು ಅರೆಯಲ್ಲಿ ಡಬ್ಬಿಯೊಳಗೆ ಇಡು, ಡಬ್ಬಿ ಮೇಲೆ ಹೆಸರು ಬರೆ. ಕರೆಂಟ್ ಹೋದರೆ ಫ್ರಿಜ್ ಬಾಗಿಲು ಯಾರೂ ತೆಗೆಯಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿಬಿಡು, ಜಾತ್ರೆ ಮಕ್ಕಳು ತಣ್ಣೀರಿಗೆ ನೂರು ಸಲ ತೆಗೆಯುತ್ತವೆ.

ವಾಡಿ ಜಂಕ್ಷನ್:
ಸರಿ ಅಕ್ಕಾರೇ. ಕ್ಯಾನ್ ನಾಳೆಯೇ ತರುತ್ತೇನೆ. ಎಂಟೂವರೆ ಆಯಿತು, ಪೆನ್ನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಾಳೆ. ಇವತ್ತು ಬಲ ತೊಡೆಯ ಸರದಿ ಅಂತೆ.